ದಪ್ಪ ಅಕ್ಷರ ತೆಳುವಾದದ್ದು

ಮಗಳ ಹೆಗಲ ಮೇಲೆ ಜೇಡರಬಲೆ ಕಂಡ ದಿನ ನನ್ನ ಮನಸ್ಸು ಕೆಟ್ಟಿತು. ಕಾಲೇಜಿನ ಬೆಂಚಿನಲ್ಲಿ ಕುಳಿತು ಬಂದವಳಿಗೆ ಜೇಡರಬಲೆ ಎಲ್ಲಿಂದ ಹತ್ತುತ್ತದೆ? ಮೊಣಕೈಯಲ್ಲಿ ಕಪ್ಪು ದೂಳಿನ ಗೆರೆ ಬೇರೆ. ಕುಂದಾಪುರದಿಂದ ಕೋಟೇಶ್ವರಕ್ಕೆ ಬರಲು ಹೊತ್ತೇ ಬೇಡ. ಆದರೂ ಆ ವಾರವೆಲ್ಲ ಅವಳು ಬಸ್ಸಿಂದ ತಡವಾಗಿ ಇಳಿದಿದ್ದಳು.

"ಎಲ್ಲ್ ಹೋಯಿದ್ದೆ?"

"ಲೈಬ್ರರಿಗೆ."

"ಲೈಬ್ರರಿಯಂಗೆ ಗುಡ್ಸುಕೆ ಯಾರೂ ಇಲ್ಯಾ?"

ನಕ್ಕು ಒಳಗೆ ಹೋದಳು. ಆ ನಗು ತುಸು ಬೇಗ ಮುಗಿಯಿತು ಅನ್ನಿಸಿತು. ಯಾರೋ ಹುಡುಗ ಇರಬೇಕು ಎಂದುಕೊಂಡೆ.

ಎರಡು ಸಾವಿರದ ಎಂಟೋ ಒಂಬತ್ತೋ ಇಸವಿ. ಮನೆಗಳಿಗೆ ಇಂಟರ್‌ನೆಟ್ ಬಂದಿರಲಿಲ್ಲ. ಮುಂಬೈಯ ಹೋಟೆಲುಗಳಲ್ಲಿರುವ ಗಂಡ, ಅಣ್ಣಂದಿರ ಇ-ಮೇಲ್ ಪತ್ರ ನೋಡಲು ನಾವು ಹೆಂಗಸರು ಕುಂದಾಪುರದ ಸೈಬರ್ ಸೆಂಟರಿಗೆ ಹೋಗುತ್ತಿದ್ದೆವು. ಕೀಬೋರ್ಡ್ ಮುಟ್ಟಲು ಹೆದರಿಕೆ. "ನಮ್ದೊಂಚೂರ್ ತೆಗ್ದ್ ಕೊಡಿ ಮಾರಾಯ್ರೆ" ಎಂದು ಮಾಲೀಕರಿಗೆ ಹೇಳಿ, ಪಾಸ್‌ವರ್ಡನ್ನು ನಾಲ್ಕು ಜನಕ್ಕೆ ಕೇಳುವ ಹಾಗೆ ಕೂಗುವುದು. ಎಲ್ಲರದೂ ಹೆಚ್ಚುಕಡಿಮೆ ಒಂದೇ: ಮನೆದೇವರ ಹೆಸರು, ಪಕ್ಕದಲ್ಲಿ ಹಿರಿಯ ಮಗುವಿನ ಹುಟ್ಟಿದ ಇಸವಿ. ಮದುವೆಗೆ ಹೊರಟಾಗ ಬೀಗದ ಕೈಯನ್ನು ಎದುರು ಮನೆಗೆ ಕೊಟ್ಟು ಹೋಗುವವರು ನಾವು. ಇದರಲ್ಲಿ ಏನು ತಪ್ಪು ಕಾಣಬೇಕು?

ಶನಿವಾರ ಸಂತೆಯ ನೆಪ ಮಾಡಿ ಕುಂದಾಪುರಕ್ಕೆ ಹೋದೆ. ಚೀಲಕ್ಕೆ ಬಸಳೆ ತುಂಬಿಕೊಂಡು ಸೈಬರ್ ಸೆಂಟರಿನ ಮುಂದೆ ಬಂದರೆ, ಬಾಗಿಲಲ್ಲಿ ಮಗಳ ಚಪ್ಪಲಿ. ಕಿತ್ತ ಬಾರಿಗೆ ನಾನೇ ಚುಚ್ಚಿಕೊಟ್ಟ ಸೇಫ್ಟಿ ಪಿನ್ ಹಾಗೇ ಇತ್ತು. ಒಳಗೆ ಮೂಲೆಯ ಕ್ಯಾಬಿನ್ನಿಗೆ ಪರದೆ. ಅದನ್ನು ಸರಿಸಿದೆ. ಹುಡುಗ ಯಾರೂ ಇರಲಿಲ್ಲ. ಮೇಜಿನ ಅಡಿಯಿಂದ ಮಗಳ ಎರಡು ಪಾದಗಳು ಮಾತ್ರ ಹೊರಗೆ ಚಾಚಿದ್ದವು.

ಮಾಲೀಕರು ನನ್ನ ಹಿಂದೆಯೇ ಬಂದರು. "ಅಕ್ಕ, ನೀವೇ ಬಂದದ್ ಒಳ್ಳೇದಾಯ್ತ್. ನಿಮ್ಮ್ ಹೆಣ್ಣ್ ವಾರದಿಂದ ನನ್ನ್ ಮಿಷನ್ನಿನ್ ಹಿಂದ್ ಹೊಕ್ಕಂಡ್ ಎಂತೆಂತದೋ ಮಾಡತ್ತ್. ಹಾಳಾರೆ ಯಾರ್ ಕೊಡೂದ್?"

ಮಗಳು ಹೊರಬಂದಳು. ಕೈಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ಕಪ್ಪು ತುಂಡು. "ಅಣ್ಣ, ಇದ್ ನೀವ್ ಹಾಕಿದ್ದಾ? ಕೀಬೋರ್ಡಿನ್ ವಯರ್ ಮಧ್ಯ ಸಿಕ್ಸಿ ಇಟ್ಟಿತ್ತ್. ನಾವ್ ಒತ್ತಿದ್ದೆಲ್ಲ ಇದ್ರೊಳ್ಗ್ ಉಳೀತ್ತ್."

"ನನ್ ಅಂಗ್ಡಿಯಂಗ್ ನಂಗೇ ಕಳ್ಳ ಅಂಬ್ದಾ? ನೀನೇ ತಂದ್ ಸಿಕ್ಸಿದ್ದೋ ಏನೋ, ಯಾರ್ ಕಂಡದ್? ತಡಿ, ನಿನ್ನ್ ಅಪ್ಪಯ್ಯನಿಗೆ ಹೇಳ್ತೆ."

ನಾನು ಇಬ್ಬರ ಮುಖವನ್ನೂ ನೋಡಿದೆ. ಮಾಲೀಕರು ಒಣಗಿದ ಮೇಜನ್ನು ಮತ್ತೆ ಮತ್ತೆ ಒರೆಸುತ್ತಿದ್ದರು. ಮಗಳ ಹೆಬ್ಬೆರಳಲ್ಲಿ ಹೊಸ ತರಚು ಗಾಯ. ಯಾರನ್ನು ನಂಬಬೇಕೋ ತಿಳಿಯಲಿಲ್ಲ.

ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಬಾಯಿಬಿಡಿಸಿದೆ. ದೊಡ್ಡಮ್ಮನಿಗೆ, ಅಂದರೆ ನನ್ನ ಓರಗಿತ್ತಿಗೆ, ಪತ್ರ ತೆಗೆದುಕೊಡಲು ಒಮ್ಮೆ ಇವಳು ಹೋಗಿದ್ದಳಂತೆ. "ಓದದ ಪತ್ರದ ಹೆಸ್ರ್ ದಪ್ಪ ಅಕ್ಷರದಂಗೆ ಇರತ್ತ್ ಅಮ್ಮ. ಓದಿರೆ ತೆಳು ಆತ್ತ್. ದೊಡ್ಡಮ್ಮಂದ್ ಅವ್ರ್ ಕಾಂಬುಕ್ ಮುಂಚೆಯೇ ತೆಳು ಆಯಿತ್ತ್. ಯಾರೋ ಮೊದ್ಲೇ ಓದಿರ್. ಅದ್ ಹ್ಯಾಂಗಂದ್ ಕಾಂಬುಕೇ ವಾರದಿಂದ ಅಲ್ಲಿಗ್ ಹೋದ್ದ್."

ನಾನು ಅಲ್ಲೇ ನಿಂತುಬಿಟ್ಟೆ. ನಾನು ಹುಡುಗಿಯಾಗಿದ್ದಾಗ ಕಾನ್ವೆಂಟಿನ ಹಾಸ್ಟೆಲಿನಲ್ಲಿ ನಮ್ಮ ಕೈಸೇರುವ ಮೊದಲೇ ಸಿಸ್ಟರುಗಳು ನಮ್ಮ ಪತ್ರಗಳನ್ನು ತೆರೆದು ಓದುತ್ತಿದ್ದರು. ನನಗೆ ಅದು ಇನ್‌ಲ್ಯಾಂಡ್ ಪತ್ರದ ಅಂಚು ನೋಡಿದರೇ ತಿಳಿಯುತ್ತಿತ್ತು: ಅಂಚೆಯ ಗೋಂದು ಮಂಕಾಗಿರುತ್ತದೆ, ಎರಡನೆಯ ಸಲ ಅಂಟಿಸಿದ್ದು ಹೊಳೆಯುತ್ತದೆ. ಇದನ್ನು ನಾನು ಯಾರಿಗೂ ಹೇಳಿದವಳಲ್ಲ. ನನ್ನ ಕಣ್ಣೇ ಇವಳಿಗೂ ಬಂದಿತ್ತು.

ಮನೆಗೆ ಬರುವಷ್ಟರಲ್ಲಿ ಸುದ್ದಿ ನನ್ನ ಯಜಮಾನರಿಗೆ ಮುಟ್ಟಿತ್ತು. ಅವರದು ಕೋಟೇಶ್ವರದಲ್ಲಿ ಬೀಗ, ಕೀಲು, ಮೊಳೆ ಮಾರುವ ಅಂಗಡಿ. ಮಗಳು ಅದೇ ಹೊತ್ತಿಗೆ ಇನ್ನೊಂದು ಸಂಗತಿ ಹೊರಹಾಕಿದಳು. ಅವಳ ಲೆಕ್ಚರರ್ ಒಬ್ಬರು ಬ್ರಹ್ಮಾವರದಲ್ಲಿ ಭಾನುವಾರ ತರಗತಿ ನಡೆಸುತ್ತಾರೆ. ಕಂಪ್ಯೂಟರಿನೊಳಗೆ ಕಳ್ಳ ನುಗ್ಗುವ ದಾರಿ ಎಲ್ಲಿದೆ ಎಂದು ಹುಡುಕಿ ಮುಚ್ಚುವ ವಿದ್ಯೆ. ಅದಕ್ಕೆ ಕೆಲಸ ಸಿಗುತ್ತದೆ. ಅವಳು ಸೇರಬೇಕು.

"ಕನ್ನ ಹಾಕುಕೆ ಕಲ್ಸು ಕ್ಲಾಸಾ?" ಅವರು ಕೂತಲ್ಲಿಂದ ಎದ್ದರು.

"ಅಪ್ಪಯ್ಯ, ನೀವ್ ಬೀಗ ಕೊಡುಕ್ ಮುಂಚೆ ಎಳ್ದ್ ಕಾಂತಿಲ್ಯಾ?"

"ನಾನ್ ಎಳೂದ್ ನನ್ ಅಂಗ್ಡಿ ಬೀಗ. ಊರೋರ್ ಬಾಗ್ಲ್ ಅಲ್ಲ." ಮತ್ತೆ ನನ್ನ ಕಡೆ ತಿರುಗಿದರು. "ನೀನೇ ಹೇಳ್. ನಂಬ್ಕೆ ಇದ್ರೆ ಕಳ್ಸ್. ಇಲ್ದಿರೆ ಕಂಪ್ಯೂಟರ್ ಸುದ್ದಿ ಇವತ್ತಿಗೇ ಸಾಕ್."

ಭಾರ ನನ್ನ ತಲೆಗೆ ಬಂತು. ಪಾತ್ರೆ ತೊಳೆಯುವಾಗ ಮಗಳನ್ನು ಮೆಲ್ಲಗೆ ಕೇಳಿದೆ, "ನನ್ನ್ ಪತ್ರ ತೆಗೂಕ್ ಆತ್ತಾ ನಿಂಗೆ?"

"ನಿಂದಾ? ನಿನ್ನ್ ಪಾಸ್‌ವರ್ಡ್ ಇಡೀ ಕುಂದಾಪ್ರಕ್ಕೇ ಗೊತ್ತಿತ್ತ್."

"ತೆಗ್ದಿದ್ಯಾ?"

"ಇಲ್ಲೆ."

ನಂಬಲು ಮನಸ್ಸಿತ್ತು, ಗುರುತು ಬೇಕಿತ್ತು. ಲೋಟವನ್ನು ಬೋರಲು ಹಾಕಿದೆ. ಮರುದಿನ ಅಣ್ಣ ಫೋನ್ ಮಾಡಿ ಮೊಮ್ಮಗುವಿನ ಪಟ ಕಳಿಸಿದ್ದೇನೆ, ನೋಡು ಎಂದ. ಮಗಳು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಮಗುವನ್ನು ನೋಡುವ ಆಸೆ ಅವಳಿಗೆ ನನಗಿಂತ ಹೆಚ್ಚು. ಇವಳೇ ಕದ್ದು ತೆರೆಯುತ್ತಾಳೋ ನೋಡೋಣ ಎಂದು ನಾನು ಬೇಕೆಂದೇ ಪಟ ನೋಡಲು ಹೋಗಲಿಲ್ಲ.

ಆಮೇಲೆ ಬೈಂದೂರಿನಲ್ಲಿ ನೆಂಟರ ಹೊಸ ಮನೆಯ ಒಕ್ಕಲು, ಗೃಹಪ್ರವೇಶ, ಬಂತು. ಊಟ ಮುಗಿದದ್ದೇ ಅಲ್ಲಿಯ ಸೈಬರ್ ಸೆಂಟರಿಗೆ ಹೋದೆ. ಮೊದಲ ಸಲ ನಾನೇ, ಒಂದೊಂದೇ ಬೆರಳಲ್ಲಿ, ಅಕ್ಷರ ಹುಡುಕಿ ಒತ್ತಿದೆ. ಅಣ್ಣನ ಹೆಸರು ದಪ್ಪಗೇ ಇತ್ತು. ಆ ಕರಿ ಅಕ್ಷರ ನೋಡಿ ನನ್ನ ಕಣ್ಣು ತುಂಬಿತು.

"ಕಳ್ಸುವ" ಎಂದೆ ಯಜಮಾನರಿಗೆ.

ಭಾನುವಾರ ಬೆಳಿಗ್ಗೆ ಬ್ರಹ್ಮಾವರದ ಬಸ್ಸಿಗೆ ಕಾಯುತ್ತಾ, ಪರೀಕ್ಷೆ ಮಾಡಿದ್ದನ್ನು ಮಗಳಿಗೆ ಹೇಳಿದೆ. ಅವಳಿಗೆ ಸಿಟ್ಟು ಬರಬಹುದು ಎಂದುಕೊಂಡಿದ್ದೆ. ಬದಲಿಗೆ ಅವಳೆಂದಳು, "ಅಮ್ಮ, ಓದಿ ಆದ್ಮೇಲೆ ವಾಪಾಸ್ ದಪ್ಪ ಮಾಡ್ಲಕ್ಕ್. ಅದ್ಕೊಂದ್ ಬಟನ್ ಇತ್ತ್."

ಹಾಗಾದರೆ ನನ್ನ ಪರೀಕ್ಷೆಗೆ ಬೆಲೆಯೇ ಇರಲಿಲ್ಲ. "ಮತ್ತೆ ಈಗ ಎಂತಕ್ ಹೇಳೂದ್ ಅದನ್ನ?"

"ನಾ ಹೇಳ್ದಿರೆ ನಿಂಗೆ ಯಾರ್ ಹೇಳ್ತ್ರ್?"

ಬಸ್ಸು ಬಂತು. "ಹತ್ತಿ ಹತ್ತಿ, ಬೇಗ" ಎಂದು ಕಂಡಕ್ಟರ್ ಬಸ್ಸಿನ ಬದಿ ಬಡಿಯತೊಡಗಿದ. ಬೇಡ, ಮನೆಗೆ ನಡಿ ಎನ್ನಲು ಆಗಲೂ ಸಮಯವಿತ್ತು. ನನ್ನ ಪತ್ರವನ್ನು ಕದ್ದು ಓದಿದವಳಾಗಿದ್ದರೆ ಆ ಬಟನ್ನಿನ ಸುದ್ದಿ ಎತ್ತುತ್ತಿರಲಿಲ್ಲ. ಅವಳ ಬೆನ್ನಿಗೆ ಕೈಕೊಟ್ಟು ಹತ್ತಿಸಿದೆ.

ಆ ಕಪ್ಪು ತುಂಡು ಯಾರದೆಂದು ಕೊನೆಗೂ ತಿಳಿಯಲಿಲ್ಲ. ಮಾಲೀಕರು ಪರದೆ ತೆಗೆಸಿದರು; ಅವರನ್ನು ಕಂಡರೆ ನನಗೆ ಈಗಲೂ ಪೂರ್ತಿ ಸಮಾಧಾನವಿಲ್ಲ. ಮಗಳ ಉದ್ಯೋಗ ಮಾತ್ರ ಅದೇ ಆಯಿತು: ಬೇರೆಯವರ ಬಾಗಿಲನ್ನು ಅವರು ಒಪ್ಪಿದ ಮೇಲೆಯೇ ಎಳೆದು ನೋಡುವುದು.

ಮೊದಲ ತರಗತಿ ಮುಗಿಸಿ ಬಂದ ವಾರದಲ್ಲೇ ಬೇರೊಂದು ಸೈಬರ್ ಸೆಂಟರಿನಲ್ಲಿ ನನ್ನ ಪಾಸ್‌ವರ್ಡ್ ಬದಲಿಸಲು ಕೂರಿಸಿದಳು. ಹೊಸದನ್ನು ನಾನು ಒತ್ತುವಾಗ ಗೋಡೆಯ ಕಡೆ ತಿರುಗಿ ನಿಂತಳು.

"ಸೆರಗ್ ಅಡ್ಡ ಹಿಡ್ದ್ಯಾ?"

"ಹಿಡ್ದಿದೆ."

"ಹಾಂ, ಹಾಂಗೇ ಇರ್ಕ್" ಎಂದಳು, ತಿರುಗದೆ.