ರಾಜನ ಸಾವಿಗೆ ಒಂದು ಬೊಗಸೆ ನೀರು

ಬಾಗಲಕೋಟೆಯ ಕಚೇರಿ ಮುಂದೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮೂಡಲಲ್ಲಿ ಬಾಲದ ಚುಕ್ಕಿ ಕಾಣುತ್ತಿದೆ. ಅದನ್ನು ನೋಡಿ ನೋಡಿ, ಏನೋ ಕೇಡು ಕಾದಿದೆ ಎಂದು ಊರೆಲ್ಲ ಗುಸುಗುಸು ಮಾಡಿದ್ದು ಕಡೆಗೂ ಸುಳ್ಳಾಗಲಿಲ್ಲ. ವಿಲಾಯತಿಯಲ್ಲಿ ಚಕ್ರವರ್ತಿ ಏಳನೆಯ ಎಡ್ವರ್ಡ್ ತೀರಿಕೊಂಡರೆಂದು ನಿನ್ನೆ ತಂತಿ ಬಂದಿದೆ. ಕಟ್ಟೆಯ ಕೆಳಗೆ ಗಾಳೆಪ್ಪ ತಲೆಯ ರುಮಾಲು ಬಿಚ್ಚಿ ಎಡ ಹೆಗಲಿಗೆ ಹಾಕಿಕೊಳ್ಳುತ್ತಾನೆ. ಅವನು ಬರಿದಲೆಯಲ್ಲಿ ಬರುವುದನ್ನು ಕಂಡರೆ, ಸಾವಿನ ಸುದ್ದಿ ಬರುತ್ತಿದೆ ಎಂದು ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತು.

ತಂತಿಯ ಕಂಬ ಇಲ್ಲದ ಹಳ್ಳಿಗಳಿಗೆ ಗಾಳೆಪ್ಪನೇ ತಂತಿ. ಬೇವೂರಿನ ಮೇಲಿಂದ ಅಮೀನಗಡದವರೆಗೆ ಇವತ್ತು ಅವನು ಸುದ್ದಿ ಹೇಳುತ್ತ ಹೋಗಬೇಕು. ಶೋಕದ ದಿನ ಅಂಗಡಿ ತೆರೆಯುವಂತಿಲ್ಲ, ಮದುವೆ ಮನೆಗಳಲ್ಲಿ ವಾಲಗ ಊದಿಸುವಂತಿಲ್ಲ ಎಂದು ತಿಳಿಸಬೇಕು. ಊರಿನ ವಕೀಲರು ತೋಳಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಸಭೆ ಮಾಡುತ್ತಾರೆ, ಪತ್ರಿಕೆಯಲ್ಲಿ ಅವರ ಹೆಸರು ಬರುತ್ತದೆ. ಗಾಳೆಪ್ಪನ ಹೆಸರು ಎಲ್ಲೂ ಬರುವುದಿಲ್ಲ. ಅದಕ್ಕೇ ಪತ್ರಿಕೆಗೆ ಬರೆಯುವ ನಾನು ಕೊಡೆ, ತಂಬಿಗೆ ಹಿಡಿದು ಅವನ ಹಿಂದೆ ಹೊರಟಿದ್ದೇನೆ.

ಯಾರ ಮನೆಯಲ್ಲಿ ಸಾವಾದರೂ ಬೀಗರ ಊರಿಗೆ ಸುದ್ದಿ ಮುಟ್ಟಿಸುವುದು ಊರ ವಾಲೀಕಾರನಾದ ಅವನ ಮನೆತನಕ್ಕೆ ಬಂದ ಕೆಲಸ. ಅವನು ಈ ಕೆಲಸಕ್ಕೆ ಇಳಿದು ಮೂವತ್ತೊಂದು ವರ್ಷವಾಯಿತು. ದಿನಕ್ಕೆ ನಾಲ್ಕು ಹರದಾರಿ ನಡೆಯುವುದು ಅವನಿಗೆ ಲೆಕ್ಕಕ್ಕೇ ಇಲ್ಲ. ಪ್ಲೇಗಿನ ವರ್ಷ ಒಂದೇ ದಿನ ಹನ್ನೊಂದು ಮನೆಗೆ ಸುದ್ದಿ ಒಯ್ದಿದ್ದನಂತೆ. "ಹತ್ತು ಬೆರಳಿಗೆ ಹತ್ತು ಮನಿ ನೆಪ್ಪಿಟ್ಕೊಂಡೆರಿ. ಹನ್ನೊಂದನೇದನ್ನ ದಾರಿತುಂಬ ಬಾಯಾಗ ಅನಕೋಂತ ಹೋದೆ" ಎನ್ನುತ್ತಾನೆ. ಇದನ್ನು ಹೇಳುವಾಗ ಅವನ ದನಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಈ ಕೆಲಸಕ್ಕೊಂದು ಕಟ್ಟಳೆ ಇದೆ. ಸುದ್ದಿ ಹೊತ್ತವನು ದಾರಿಯಲ್ಲಿ ನೀರು ಕುಡಿಯುವಂತಿಲ್ಲ. ಸಾವು ಯಾರದೋ ಆ ಮನೆಯವರು ಸುದ್ದಿ ಕೇಳಿದ ಮೇಲೆ ತಮ್ಮ ಕೊಡದ ನೀರನ್ನು ಅವನ ಬೊಗಸೆಗೆ ಸುರಿಯಬೇಕು. ಸುರಿದರೆ ಸಾವು ಆ ಮನೆಯ ಪಾಲಿಗೆ ಸೇರಿತು. ಯಾರೂ ಸುರಿಯದಿದ್ದರೆ ಅದು ಸುದ್ದಿ ತಂದವನ ಬೆನ್ನು ಹತ್ತಿ ಅವನ ಮನೆಗೇ ಬರುತ್ತದೆ ಎಂಬ ನಂಬಿಕೆ.

"ನಮ್ಮಪ್ಪ ಒಮ್ಮೆ ನೀರು ಸಿಗದ ಹೊಳ್ಳಿ ಮನಿಗೆ ಬಂದಿದ್ದ. ಎಂಟು ದಿನಕ್ಕ ನಮ್ಮಣ್ಣ ಹೋದ" ಎನ್ನುತ್ತಾನೆ ಗಾಳೆಪ್ಪ. ಅವನ ಮನೆಯಲ್ಲಿ ಈಗ ಮಗಳೊಬ್ಬಳೇ. ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ, ದಿನ ತುಂಬಿವೆ. ಐದು ಮಕ್ಕಳಲ್ಲಿ ಉಳಿದವಳು ಅವಳೇ.

ಬೇವೂರು ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿದೆ. ಬರಿದಲೆಯ ಗಾಳೆಪ್ಪನನ್ನು ಕಂಡದ್ದೇ ತಡ, ಬಾವಿಯ ದಂಡೆಯ ಹೆಂಗಸರು ಕೊಡ ಬಿಟ್ಟು ಮನೆಗೆ ಓಡುತ್ತಾರೆ. ಈ ಸೀಮೆಯಲ್ಲಿ ಹದಿನೈದು ದಿನದಿಂದ ಕಾಲರಾ. ಎಲ್ಲರಿಗೂ ಒಂದಲ್ಲ ಒಂದು ಊರಿನಲ್ಲಿ ಹಾಸಿಗೆ ಹಿಡಿದ ನೆಂಟರಿದ್ದಾರೆ. ಹಿರಿಯರಾದ ಸಂಗಯ್ಯನವರು ಕಟ್ಟೆಯಿಂದ ಎದ್ದು ನಿಲ್ಲುತ್ತಾರೆ. ಹಣೆಯ ವಿಭೂತಿ ಬೆವರಿಗೆ ಕರಗುತ್ತಿದೆ.

"ಯಾರ ಮನೀದೋ, ಲಗೂ ಹೇಳು."

"ನಿಮ್ಮೂರಾಂದಲ್ರಿ ಅಯ್ಯಾರ. ವಿಲಾಯತಿ ರಾಜಾ ತೀರ್ಕೊಂಡಾನ."

"ರಾಜಾನ? ಖರೇನ?" ಸಂಗಯ್ಯನವರು ಉಸಿರು ಬಿಡುತ್ತಾರೆ. "ಚಲೋ ಆತು." ನಾನು ಪಕ್ಕದಲ್ಲಿರುವುದು ಕಂಡು, "ಅಂದ್ರ, ಭಾಳ ಕೆಟ್ಟಾತು" ಎಂದು ತಿದ್ದಿಕೊಳ್ಳುತ್ತಾರೆ. ಬಾಗಿಲ ಸಂದಿಯಲ್ಲಿ ಯಾವಳೋ ಹುಡುಗಿ ಕಿಸಕ್ಕನೆ ನಗುತ್ತಾಳೆ. ಚಕ್ರವರ್ತಿ ಸತ್ತ ಸುದ್ದಿಗೆ ಬೇವೂರು ಅಳಲಿಲ್ಲ, ಬದುಕಿಕೊಂಡೆವು ಎಂದು ನಿಟ್ಟುಸಿರಿಟ್ಟಿತು. ಪತ್ರಿಕೆಯವರು ಮುನಿದರೂ ಸರಿ, ಕಂಡದ್ದನ್ನು ಬರೆಯುತ್ತೇನೆ.

ಅಪ್ಪಣೆ ಹೇಳಿ ಮುಗಿಸಿದ ಮೇಲೂ ಗಾಳೆಪ್ಪ ಬೊಗಸೆ ಜೋಡಿಸಿ ನಿಂತೇ ಇದ್ದಾನೆ. ಸಂಗಯ್ಯನವರು ಮುಖ ತಿರುಗಿಸುತ್ತಾರೆ. "ನೀರು ಆ ರಾಜಾನ ಮನಿಯವ್ರು ಕೊಡಬೇಕಲ್ಲೋ. ನಮಗೇನು ಬೀಗನೋ, ನೆಂಟನೋ?" ಶರಣರಿಗೆ ಸಾವಿನ ಸೂತಕವಿಲ್ಲ ಎಂದು ಇವರ ಬಾಯಿಂದಲೇ ಮಠದಲ್ಲಿ ಕೇಳಿದವನು ನಾನು. ನನಗೆ ಸಿಟ್ಟು ಬರುತ್ತದೆ. ಅವರ ಸೊಸೆ ಮೂರು ದಿನದಿಂದ ವಾಂತಿಭೇದಿಯಲ್ಲಿ ನರಳುತ್ತಿದ್ದಾಳೆ ಎಂದು ಊರು ದಾಟಿದ ಮೇಲೆ ಗಾಳೆಪ್ಪ ಹೇಳುತ್ತಾನೆ.

ಮುಂದಿನ ಎರಡು ಹಳ್ಳಿಗಳಲ್ಲೂ ಇದೇ ಕಥೆ. ಮೊದಲು ಹೆದರಿಕೆ, ಆಮೇಲೆ ಸಮಾಧಾನ, ಕಡೆಗೆ ಬಾಗಿಲು ಮುಚ್ಚುವ ಸದ್ದು. ಮಧ್ಯಾಹ್ನ ಒಂದು ಬೇವಿನ ಮರದ ಬುಡದಲ್ಲಿ ಗಾಳೆಪ್ಪ ಕೂಡುತ್ತಾನೆ. ಅವನ ತುಟಿ ಒಡೆದಿದೆ, ಮಾತಾಡಿದರೆ ನಾಲಿಗೆ ಅಂಗುಳಕ್ಕೆ ಅಂಟುತ್ತಿದೆ. ಹತ್ತು ಮಾರು ದೂರದ ಹಳ್ಳದಲ್ಲಿ ಒರತೆ ಇದೆ. ಅವನು ಅತ್ತ ನೋಡುವುದೂ ಇಲ್ಲ.

ನಾನು ತಂಬಿಗೆ ಮುಂದೆ ಹಿಡಿಯುತ್ತೇನೆ. "ಕುಡಿ ಗಾಳೆಪ್ಪ. ಇದೆಲ್ಲ ಮೂಢನಂಬಿಕೆ."

"ಹೌದಿರಬಹುದ್ರಿ" ಎನ್ನುತ್ತಾನೆ. "ಹಂಗಾದ್ರ, ಇದು ನಮ್ಮ ಮನಿ ನೀರು, ರಾಜಾನ ಸಾವು ನಮ್ಮ ಮನೀದು ಅಂತ ಒಂದು ಮಾತು ಅಂದು ಸುರೀರಿ. ಕುಡೀತೇನಿ."

ನಾನು ಬಾಯಿ ತೆರೆಯುತ್ತೇನೆ. ಬಾಗಲಕೋಟೆಯ ಮನೆಯ ಅಂಗಳದಲ್ಲಿ ಆಡುತ್ತಿರುವ ನನ್ನ ಇಬ್ಬರು ಮಕ್ಕಳು ಕಣ್ಣ ಮುಂದೆ ಬರುತ್ತಾರೆ. ಮೂಢನಂಬಿಕೆಯ ಮೇಲೆ ಪತ್ರಿಕೆಗೆ ನಾಲ್ಕು ಲೇಖನ ಬರೆದವನು ನಾನು. "ನಾನೇನು ರಾಜನ ನೆಂಟನೇ, ಸುಳ್ಳು ಹೇಳಿದಂತಾಗುತ್ತದೆ" ಎಂದು ಏನೋ ತೊದಲಿ ತಂಬಿಗೆ ಹಿಂದೆ ತೆಗೆದುಕೊಳ್ಳುತ್ತೇನೆ. ಗಾಳೆಪ್ಪ ಒತ್ತಾಯ ಮಾಡುವುದಿಲ್ಲ. ಮರ ಹಿಡಿದು ಎದ್ದು ನಡೆಯುತ್ತಾನೆ. ಅವನ ಹಿಂದೆ ನಡೆಯುವಾಗ ನನಗೆ ನನ್ನ ಮೇಲೆ ಹೇಸಿಗೆ ಬರುತ್ತದೆ.

ಅಮೀನಗಡವೇ ಕೊನೆಯ ಊರು. ಅಲ್ಲಿಂದ ಮುಂದಿನದು ಹುನಗುಂದದವರ ಪಾಲು. ಹೊತ್ತು ಇಳಿಯುತ್ತಿದೆ. ಚಾವಡಿಯಲ್ಲಿ ವ್ಯಾಪಾರಿ ಶಂಕ್ರಪ್ಪ ಮತ್ತು ನಾಲ್ಕು ಮಂದಿ ಸುದ್ದಿ ಕೇಳುತ್ತಾರೆ, ಅಂಗಡಿ ಎಷ್ಟು ದಿನ ಮುಚ್ಚಬೇಕೆಂದು ವಿಚಾರಿಸುತ್ತಾರೆ, ಎದ್ದು ಹೋಗುತ್ತಾರೆ. ಗಾಳೆಪ್ಪನ ಬೊಗಸೆ ಖಾಲಿಯಾಗಿಯೇ ಇದೆ. ಇನ್ನು ಕೇಳಲು ಊರಿಲ್ಲ. ಅವನು ಬಾಗಲಕೋಟೆಯ ದಾರಿಯ ಕಡೆ ನೋಡುತ್ತಾನೆ.

"ಗಾಳೆಪ್ಪ, ಯಾರದೋ?"

ಎದುರು ಮನೆಯ ಹೊಸ್ತಿಲಲ್ಲಿ ಮುದುಕಿ ಕಾಸಿಂಬಿ. ಕರದಂಟಿಗೆ ಹಾಕುವ ಅಂಟು ಹಸನು ಮಾಡುತ್ತ ಕುಳಿತಿದ್ದಾಳೆ. ಪ್ಲೇಗಿನ ಕಾಲದಲ್ಲಿ ಬಾಗಲಕೋಟೆಗೆ ದುಡಿಯಲು ಹೋದ ಅವಳ ಗಂಡನ ಸುದ್ದಿ, ಆಮೇಲೆ ಇಬ್ಬರು ಗಂಡುಮಕ್ಕಳ ಸುದ್ದಿ, ಮೂರನ್ನೂ ತಂದವನು ಗಾಳೆಪ್ಪನೇ.

"ರಾಜಾಂದಬೇ. ರೂಪಾಯಿ ಮ್ಯಾಲೆ ಇರ್ತಾನಲ್ಲ, ಅಂವ."

"ಯಾರೂ ನೀರು ಹಾಕಲಿಲ್ಲೇನು?"

"ಯಾರ ಮನಿ ಸಾವಂತ ಹಾಕ್ತಾರಬೇ."

ಕಾಸಿಂಬಿ ಮೊಣಕಾಲಿಗೆ ಕೈ ಕೊಟ್ಟು ಏಳುತ್ತಾಳೆ. ಒಳಗಿನಿಂದ ಕೊಡ ತರುತ್ತಾಳೆ. "ಬಾ ಇಲ್ಲೆ. ಸಾಯಾಕ ನನ್ನ ಮನ್ಯಾಗ ಇನ್ನ ಯಾರದಾರ? ಮೂರು ಸಾವು ತಂದಿ, ಇದು ನಾಕನೇದು. ನನ್ನ ಮನೀದ ಅಂತ ತಿಳಿ. ಹಿಡಿ ಬೊಗಸಿ."

ನೀರು ಬೀಳುತ್ತದೆ. ಗಾಳೆಪ್ಪ ಕುಡಿಯುತ್ತಾನೆ, ಕೆಮ್ಮುತ್ತಾನೆ, ಮತ್ತೆ ಕುಡಿಯುತ್ತಾನೆ. ಕೊಡದಲ್ಲಿ ಉಳಿದ ನೀರನ್ನು ಕಾಸಿಂಬಿ ಒಳಗೆ ಒಯ್ದು ಉರಿಯುವ ಒಲೆಗೆ ಸುರಿಯುತ್ತಾಳೆ. ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹೊತ್ತಿಸುವುದಿಲ್ಲ. ಹೊರಗೆ ಬಂದು ನನ್ನನ್ನು ಕೇಳುತ್ತಾಳೆ, "ಆ ರಾಜಾನ ಅವ್ವ ಅದಾಳೇನ್ರಿ?"

"ಇಲ್ಲ. ಒಂಬತ್ತು ವರ್ಷದ ಹಿಂದೆಯೇ ತೀರಿಕೊಂಡರು."

"ಪಾಡಾತು. ಮಗನ ಸಾವು ನೋಡಲಿಲ್ಲ ಆಕಿ."

ನಾಳೆ ಎಲ್ಲರೂ ಬರೆಯುತ್ತಾರೆ, ಜಿಲ್ಲೆಯ ಪ್ರಜೆಗಳು ದುಃಖದಲ್ಲಿ ಮುಳುಗಿದ್ದಾರೆ ಎಂದು. ನಾನು ನಡೆದ ದಾರಿಯಲ್ಲಿ ಚಕ್ರವರ್ತಿಗಾಗಿ ಆರಿದ್ದು ಒಂದೇ ಒಲೆ.

ಗಾಳೆಪ್ಪ ಹೆಗಲ ಮೇಲಿನ ರುಮಾಲು ತೆಗೆದು ತಲೆಗೆ ಸುತ್ತಿಕೊಳ್ಳುತ್ತಾನೆ. ಇವತ್ತೇ ತಿರುಗಿ ನಡೆಯಬೇಕಂತೆ, ಮಗಳು ಒಬ್ಬಳೇ ಇದ್ದಾಳೆ. ನಾನು ನೆಲ ನೋಡುತ್ತ ನಿಂತದ್ದು ಅವನಿಗೆ ಕಂಡಿರಬೇಕು.

"ನಿಮ್ಮ ಮ್ಯಾಲೆ ಸಿಟ್ಟಿಲ್ರಿ. ನಿಮ್ಮ ಜಾಗಾದಾಗ ನಾ ಇದ್ರೂ ಹಾಕ್ತಿದ್ದಿಲ್ಲ" ಎನ್ನುತ್ತಾನೆ. ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತಾನೆ. "ಮೂವತ್ತೊಂದು ವರ್ಷ ಆತ್ರಿ. ನಾಕು ಮಕ್ಕಳು ಹೋದ್ರು ಖರೆ, ಆದ್ರ ಒಂದ ಸಾವೂ ನಾ ನನ್ನ ಮನಿಗೆ ಹೊತ್ಕೊಂಡು ಹೋಗಿಲ್ಲ."