ಪಂಚಮಿಗೆ ಬರಬೇಕಾಗಿದ್ದ ಆಟ

ಬೈಲಹೊಂಗಲದ ಪೇಟೆಯಲ್ಲಿ ಶಂಕರೆಪ್ಪನವರ ಹಾರ್ಡ್‌ವೇರ್ ಅಂಗಡಿಯ ಹಿಂದೆಯೇ ಅವರ ಮನೆ. ಮನೆಗೆ ಬೇರೆ ಬಾಗಿಲಿಲ್ಲ. ಹಿತ್ತಲ ಕಡೆಗೆ ಒಂದಿತ್ತಂತೆ. ಪಕ್ಕದವರು ಮನೆ ಕಟ್ಟಿಸಿದಾಗ ಅವರ ಗೋಡೆ ಅದಕ್ಕೆ ಅಡ್ಡ ಬಂತು. ಹೀಗಾಗಿ ಯಾರೇ ಹೊರಬೀಳಬೇಕಾದರೂ ಪೈಪಿನ ಕಟ್ಟು, ಮೊಳೆಯ ಚೀಲ, ಬಣ್ಣದ ಡಬ್ಬಿಗಳ ನಡುವೆ ಹಾದು, ಗಾದಿಯ ಮೇಲೆ ಕುಳಿತ ಶಂಕರೆಪ್ಪನವರ ಎದುರಿನಿಂದಲೇ ಹೋಗಬೇಕು. ಅವರು ಬೈಯುವವರಲ್ಲ. "ಎಲ್ಲಿಗಿ ಹೊಂಟಿವಾ?" ಎಂದು ಒಂದೇ ಮಾತು ಕೇಳುತ್ತಿದ್ದರು. ಆ ಮಾತಿಗೊಂದು ಉತ್ತರ ಹೊಂದಿಸುವುದೇ ಬೇಡವೆಂದು ಸೊಸೆ ನಾಗರತ್ನಾ ಎಷ್ಟೋ ಸಲ ಹೊರಡುವ ವಿಚಾರವನ್ನೇ ಬಿಟ್ಟಿದ್ದಳು.

ಅವಳ ತವರು ರಾಮದುರ್ಗದ ಹತ್ತಿರದ ಸುರೇಬಾನ. ಅಪ್ಪನದು ಕಬ್ಬಿನ ಹೊಲ. ತಮ್ಮ ಗುರುನಾಥನದು ರಾಮದುರ್ಗದಲ್ಲಿ ಮೊಬೈಲ್ ರಿಪೇರಿ ಅಂಗಡಿ. ನಾಗರತ್ನಾ ಬಿ.ಕಾಂ. ಓದುತ್ತಿದ್ದಾಗ, ಮುಚ್ಚಿಹೋದ ಸೈಬರ್ ಕೆಫೆಯೊಂದರಿಂದ ಗುರುನಾಥ ಒಂದು ಹಳೆಯ ಕಂಪ್ಯೂಟರ್ ತಂದು ಕೋಣೆಯ ಮೂಲೆಯಲ್ಲಿ ಇಟ್ಟ. ಅದರ ಫ್ಯಾನು ರೊಟ್ಟಿ ಬಡಿದಷ್ಟು ಸದ್ದು ಮಾಡುತ್ತಿತ್ತು. ಅಕ್ಕ ತಮ್ಮ ಇಬ್ಬರೂ ಅದರ ಮುಂದೆ ಸರದಿಯ ಮೇಲೆ ಕುಳಿತು ಆಟ ಕಲಿತರು. ಗುರುನಾಥನಿಗೆ ಯುದ್ಧ ಬೇಕು; ಕತ್ತಿ ಸಿಕ್ಕರೆ ಮುಂದೆ ಕಂಡವರನ್ನೆಲ್ಲ ಕಡಿಯುವವನು. ನಾಗರತ್ನಾಳ ರೀತಿ ಬೇರೆ. ಆಟ ತೋರಿಸಿದ ದಾರಿ ಬಿಟ್ಟು ಪಕ್ಕದ ಕಾಡಿಗೆ ಇಳಿಯುವಳು. ಹಳ್ಳ ಎಲ್ಲಿ ಹುಟ್ಟುತ್ತದೆಂದು ಅದರ ದಂಡೆ ಹಿಡಿದು ಹೋಗುವಳು. "ಅಲ್ಲೇನೂ ಇಲ್ಲಕ್ಕ, ಸುಮ್ನ ಯಾಕ ಹೊಂಟಿ" ಎಂದು ಅವನು ಗೊಣಗಿದರೆ, "ಇಲ್ಲಾ ಅನ್ನೂದನ್ನ ನೋಡ್ಕೊಂಡು ಬರತೇನಿ" ಅನ್ನುವಳು.

ಮದುವೆಯಾಗಿ ಬೈಲಹೊಂಗಲಕ್ಕೆ ಬಂದ ಮೇಲೆ ಆಟ ನಿಂತಿತು. ಗಂಡ ಬಸವಲಿಂಗ ಒಳ್ಳೆಯವನು, ಮಾತು ಕಡಿಮೆ. ಬೆಳಗಾದರೆ ಗಾಡಿಯಲ್ಲಿ ಸಾಮಾನು ಹೇರಿಕೊಂಡು ನೇಸರಗಿ, ಸಂಪಗಾಂವ ಎಂದು ಮನೆ ಕಟ್ಟುವವರಿಗೆ ಮುಟ್ಟಿಸಲು ಹೋಗುತ್ತಿದ್ದ. ಹೆಂಡತಿಗೆ ಆಟದ ಹುಚ್ಚಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಮದುವೆಯಾದ ಹೆಣ್ಣು ಕೂತು ಕಂಪ್ಯೂಟರಿನಲ್ಲಿ ಆಡುತ್ತಿದ್ದೆ ಎಂದು ಹೇಳಿಕೊಳ್ಳುವುದು ಹೇಗೆಂದು ಅವಳಿಗೂ ತಿಳಿದಿರಲಿಲ್ಲ.

ಹಾಗಿರುವಾಗ 'ಓರನ್‌ವಾಲ್ಡ್' ಎಂಬ ಆಟದ ಸುದ್ದಿ ಬಂತು. ಬರುವುದಕ್ಕೆ ಎರಡು ವರ್ಷ ಮೊದಲೇ ಅದರ ತುಣುಕನ್ನು ಯೂಟ್ಯೂಬಿನಲ್ಲಿ ಬಿಟ್ಟಿದ್ದರು. ಕತ್ತಿ ಹಿಡಿದ ಒಬ್ಬ ಹೆಣ್ಣುಮಗಳು ಕೋಟೆಯ ಬಾಗಿಲು ನೂಕಿ ಹೊರಗೆ ಬರುತ್ತಾಳೆ. ಎದುರಿಗೆ ಬಯಲು, ಬಯಲಿನಾಚೆ ನದಿ, ನದಿಯಾಚೆ ಮಂಜು ಹೊದ್ದ ಗುಡ್ಡ. ಕಣ್ಣಿಗೆ ಕಂಡಲ್ಲೆಲ್ಲ ನಡೆದು ಹೋಗಬಹುದು ಎಂದು ಕೆಳಗೆ ಬರೆದಿತ್ತು. ಬಟ್ಟೆ ಒಣಹಾಕುವ ನೆಪದಲ್ಲಿ ಮಾಳಿಗೆ ಹತ್ತಿ ನಾಗರತ್ನಾ ಅದನ್ನು ಎಷ್ಟು ಸಲ ನೋಡಿದ್ದಳೋ. ಹೇಳಿದ ತಾರೀಖು ಒಮ್ಮೆ ಮುಂದೆ ಹೋಯಿತು, ಇನ್ನೊಮ್ಮೆ ಹೋಯಿತು. ಪ್ರತಿ ಸಲ ಗುರುನಾಥ ಫೋನ್ ಮಾಡಿ ಆಟ ಮಾಡಿದವರ ಮನೆತನವನ್ನೆಲ್ಲ ಬೈಯುತ್ತಿದ್ದ. ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ಕಾಯುವುದಕ್ಕೆ ತನ್ನದೆಂಬುದು ಒಂದಿದೆಯಲ್ಲ, ಅಷ್ಟೇ ಸಾಕಿತ್ತು.

ಆಷಾಢದಲ್ಲಿ ಗುರುನಾಥನ ಫೋನ್ ಬಂತು.

"ಅಕ್ಕಾ, ತಾರೀಖು ಪಕ್ಕಾ ಆತು. ಪಂಚಮಿ ಆದಮ್ಯಾಗಿನ ಶುಕ್ರವಾರ. ಹೊಸಾ ಮಷೀನ್ ಜೋಡಿಸಿಟ್ಟೇನಿ. ಪಂಚಮಿಗೆ ಹೆಂಗೂ ಬರತಿ, ಹಂಗ ಶುಕ್ರವಾರ ತನಕಾ ಇದ್ದಬಿಡು."

"ಮತ್ತ ಮುಂದಕ್ಕ ಹಾಕಿದ್ರ?"

"ಈ ಸಲ ಖರೇನ ಬರತೈತಿ."

ಶ್ರಾವಣದ ಪಂಚಮಿಗೆ ಹೆಣ್ಣುಮಗಳು ತವರಿಗೆ ಹೋಗುವುದಕ್ಕೆ ಈ ಸೀಮೆಯಲ್ಲಿ ಯಾರೂ ಅಡ್ಡ ಬರುವುದಿಲ್ಲ. ಆದರೂ ವಾರ ಪೂರ್ತಿ ಎಂದರೆ ಕೇಳಲೇಬೇಕು. ಅತ್ತೆ ಚನ್ನವ್ವ ಸೊಪ್ಪು ಸೋಸುತ್ತಿದ್ದಾಗ ನಾಗರತ್ನಾ ಮೆಲ್ಲಗೆ ಮಾತು ತೆಗೆದಳು. "ಪಂಚಮಿಗೆ ಹೋದಾಕಿ ಶನಿವಾರ ಬರತೇನ್ರಿ, ಅತ್ತಿ."

"ವಾರಗಟ್ಟಲೆ ಅಲ್ಲೇನೈತಿ?"

"ಗುರುನಾಥಂದು ಒಂದೀಟು ಕೆಲಸ ಐತ್ರಿ."

ಚನ್ನವ್ವ ಮುಖ ಎತ್ತಿ ನೋಡಿದಳು, ಮತ್ತೆ ಸೊಪ್ಪಿಗೆ ಕೈ ಹಾಕಿದಳು. "ಹೋಗಿ ಬಾ. ಪಂಚಮಿಗೆ ಬ್ಯಾಡ ಅನ್ನಾಕ ನಾ ಯಾರು."

ಅಂದಿನಿಂದ ನಾಗರತ್ನಾಳ ಕೈಕಾಲಿಗೆ ಎಲ್ಲಿಲ್ಲದ ಹುರುಪು ಬಂತು. ಪಂಚಮಿಗೆ ಇನ್ನೂ ಎರಡು ವಾರವಿರುವಾಗಲೇ ಶೇಂಗಾ ಹುರಿದಳು, ಉಂಡಿ ಕಟ್ಟಿದಳು, ಡಬ್ಬಿಯಲ್ಲಿ ತುಂಬಿ ಚೀಲದ ಮೇಲೆ ಇಟ್ಟಳು. ಚೀಲ ಕಟ್ಟಿದ ಮರುದಿನ ಬೆಳಿಗ್ಗೆ ಬಚ್ಚಲಿನಲ್ಲಿ ಕೊಡ ಉರುಳಿದ ಸದ್ದಾಯಿತು. ಓಡಿಹೋಗಿ ನೋಡಿದರೆ ಚನ್ನವ್ವ ಸಾಬೂನು ನೀರಿನಲ್ಲಿ ಬಿದ್ದಿದ್ದಳು. ಒಂದು ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಅವಳು ಚೀರಲಿಲ್ಲ. "ಸೀರಿ ಹೊದಸು ಮೊದಲ, ಆಮ್ಯಾಲ ಅವರನ್ನ ಕರಿ" ಅಂದಳು.

ಬೆಳಗಾವಿಯ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಸೊಂಟದ ಎಲುಬಿಗೆ ಲೋಹದ ಪಟ್ಟಿ ಹಾಕಿದರು. ಕಾಲು ನೆಲಕ್ಕೆ ಊರಕೂಡದು, ಹಾಸಿಗೆಯಲ್ಲೇ ಎಲ್ಲ ಆಗಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು. ನಡುಮನೆಯಲ್ಲಿ ಮಂಚ ಹಾಕಿದರು. ಮಂಚದ ಪಕ್ಕ ನೆಲದ ಮೇಲೆ ನಾಗರತ್ನಾಳ ಚಾಪೆ.

ಪಂಚಮಿಯ ಮುನ್ನಾದಿನ ಗುರುನಾಥ ಕರೆಯಲು ಬಂದ. ಅಂಗಡಿಯಲ್ಲೇ ಶಂಕರೆಪ್ಪನವರು ಅವನನ್ನು ಕೂರಿಸಿ ಚಹಾ ಕೊಡಿಸಿದರು. "ಕರಕೊಂಡು ಹೋಗಪಾ. ಒಂದೆರಡ ದಿನಾ ನಾವ ಹೆಂಗರ ನೋಡ್ಕೋತೇವಿ" ಅಂದರು. ಬಸವಲಿಂಗನೂ, "ಹೋಗಿ ಬಾ, ನಾ ಇರತೇನಿ" ಅಂದ. ಆ ಹೊತ್ತಿಗೆ ಒಳಗಿನಿಂದ ಚನ್ನವ್ವನ ಸಣ್ಣ ದನಿ ಬಂತು. "ರತ್ನಾ, ಒಂದೀಟು ಬಾ." ಹಾಸಿಗೆಯಲ್ಲಿ ಒಂದಕ್ಕೆ ಪಾತ್ರೆ ಇಡಬೇಕಾಗಿತ್ತು. ಮನೆಯಲ್ಲಿ ಬೇರೆ ಹೆಣ್ಣುಮಕ್ಕಳಿಲ್ಲ. ಮನೆಯ ಗಂಡಸರಿಬ್ಬರೂ ಗೋಡೆಯ ಕಡೆ ಮುಖ ಮಾಡಿದರು.

ಒಳಗಿನ ಕೆಲಸ ಮುಗಿಸಿ ಕೈ ತೊಳೆದುಕೊಂಡು ಬಂದ ನಾಗರತ್ನಾ ತಮ್ಮನಿಗೆ, "ಈ ಸಲ ಬ್ಯಾಡ ಬಿಡು" ಅಂದಳು.

ಬೇಡವೆಂದು ತಡೆದವರಿದ್ದರೆ ಅವರೊಡನೆ ಜಗಳವನ್ನಾದರೂ ಆಡಬಹುದಾಗಿತ್ತು. ಇಲ್ಲಿ ಎಲ್ಲರೂ ಹೋಗೆಂದವರೇ. ಗುರುನಾಥ ಉಂಡಿಯ ಡಬ್ಬಿ ತೆಗೆದುಕೊಂಡು ಸವದತ್ತಿಯ ಬಸ್ಸು ಹತ್ತಿದ. ಅವಳು ಕಟ್ಟಿಟ್ಟ ಚೀಲ ಬಿಚ್ಚಿ ಸೀರೆಗಳನ್ನು ಟ್ರಂಕಿಗೆ ಹಾಕಿದಳು.

ಚನ್ನವ್ವ ಎದ್ದು ಓಡಾಡುವಾಗ ಮನೆಯೆಲ್ಲ ತಾನೇ ಆಗಿದ್ದವಳು. ಮಲಗಿದ ಮೇಲೆ ಅವಳಿಗೆ ಸೊಸೆಯ ಎದುರು ನಾಚಿಕೆ. ನಾಚಿಕೆಗೆ ಸಿಟ್ಟು, ಸಿಟ್ಟಿಗೆ ಮೌನ. ಅಂಥ ಒಂದು ಮಧ್ಯಾಹ್ನ ಅತ್ತೆಗೆ ನಿದ್ದೆ ಬಂದಿದೆಯೆಂದು ನಾಗರತ್ನಾ ಫೋನಿನಲ್ಲಿ ಆ ತುಣುಕನ್ನು ಹಚ್ಚಿದಳು.

"ಅದನ್ನ ಎಷ್ಟ ಸಲಾ ನೋಡ್ತಿ?" ಚನ್ನವ್ವ ಕಣ್ಣು ಬಿಟ್ಟೇ ಇದ್ದಳು. "ಮಾಳಿಗಿ ಮ್ಯಾಲೂ ಅದನ್ನ ನೋಡತಿದ್ದಿ. ತಾ ಇಲ್ಲಿ."

ನಾಗರತ್ನಾ ತೋರಿಸಿದಳು. ಕತ್ತಿಯ ಹೆಣ್ಣುಮಗಳು ಬಾಗಿಲು ನೂಕಿ ಹೊರಬಂದಳು.

"ಯಾರ ಮಗಳಿಕಿ?"

"ಯಾರ ಮಗಳೂ ಅಲ್ರಿ. ಆಟದಾಕಿ."

"ಎಲ್ಲಿಗಿ ಹೊಂಟಾಳ?"

"ಮನಸ್ಸಿಗಿ ಬಂದಲ್ಲೆರಿ."

"ಯಾರನ್ನ ಕೇಳಿ?"

"ಯಾರನ್ನೂ ಕೇಳೂದಿಲ್ರಿ."

"ಅಡಗಿ?"

"ಹಾದ್ಯಾಗ ಬೆಂಕಿ ಹಚ್ಚಿ ಆಕೀನ ಮಾಡ್ಕೋತಾಳ್ರಿ."

ಚನ್ನವ್ವ ಇನ್ನೊಮ್ಮೆ ಹಚ್ಚಲು ಹೇಳಿದಳು. ಮುಗಿದ ಮೇಲೆ ಫೋನನ್ನು ಎದೆಯ ಮೇಲೆ ಇಟ್ಟುಕೊಂಡಳು.

"ನಾ ಲಗ್ನಾಗಿ ಬಂದಾಗ ಪ್ಯಾಟಿಗೆ ಹತ್ತಿ-ಅರಳಿ ಗಾಡಿ ಸಾಲ ಹಚ್ಚಿ ಬರತಿದ್ದವು. ಮಾಳಿಗಿ ಮ್ಯಾಗ ನಿಂತ ನೋಡಾಕಿ. ಖಾಲಿ ಆದ ಗಾಡಿ ಹೊಳ್ಳಿ ಯಾವ ಊರಿಗೆ ಹೋಗತಾವ, ಆ ಹಾದ್ಯಾಗ ಏನೇನ ಇರತೈತಿ ಅಂತ. ದಿನಾ ನೋಡಾಕಿ."

"ಆಮ್ಯಾಲರಿ?"

"ಆಮ್ಯಾಲ ನೋಡೂದು ಬಿಟ್ಟೆ. ನೋಡಿದ್ರ ರೊಟ್ಟಿ ಮಾಡಾಕ ಮನಸ ಬರತಿದ್ದಿಲ್ಲ." ಫೋನನ್ನು ವಾಪಸು ಕೊಟ್ಟಳು. "ನೀನೂ ಭಾಳ ನೋಡಬ್ಯಾಡ."

ಅದು ಬೈಗುಳವಾಗಿರಲಿಲ್ಲ. ನಾಗರತ್ನಾಳ ಮುಂದಿನ ಮೂವತ್ತು ವರ್ಷ ಯಾವ ರೀತಿ ಇರುತ್ತದೆಂದು ಯಾರೋ ಪ್ರೀತಿಯಿಂದಲೇ ಹೇಳಿಬಿಟ್ಟ ಹಾಗಿತ್ತು.

ಶುಕ್ರವಾರ ಆಟ ನಿಜವಾಗಿಯೂ ಬಂತು. ಗುರುನಾಥ ಅಂಗಡಿ ಮುಚ್ಚಿ ಸುರೇಬಾನದ ಮನೆಯಲ್ಲಿ ಮಷೀನಿನ ಮುಂದೆ ಕುಳಿತು, ಅಕ್ಕನಿಗೆ ವಿಡಿಯೋ ಕಾಲ್ ಹಚ್ಚಿದ. ಫೋನನ್ನು ತನ್ನ ಹೆಗಲ ಹಿಂದೆ ನಿಲ್ಲಿಸಿದ್ದ; ಪರದೆ ಅಲ್ಲಾಡುತ್ತ ಕಾಣುತ್ತಿತ್ತು. ಕೋಟೆಯ ಬಾಗಿಲು ತೆರೆದದ್ದೇ ತಡ ಅವನು ಓಡಿಹೋಗಿ ಇಬ್ಬರು ಕಾವಲುಗಾರರನ್ನು ಹೊಡೆದ.

"ಓಡಬ್ಯಾಡೋ. ನದಿ ಕಡೆ ಹೋಗು" ಅಂದಳು ನಾಗರತ್ನಾ.

"ನದ್ಯಾಗ ಏನೂ ಇಲ್ಲಕ್ಕ, ಕೆಲಸ ಊರಾಗೈತಿ."

"ನಡಿ ಅಂದ್ನೆಲ್ಲ."

ಅವನು ನಡೆಸಿದ. ಹುಲ್ಲು ಗಾಳಿಗೆ ಬಾಗುತ್ತಿತ್ತು. ನದಿಯ ನೀರಿನಲ್ಲಿ ಮೋಡ ಕಾಣುತ್ತಿತ್ತು. ಎರಡು ವರ್ಷ ಕಾಯ್ದದ್ದು ಇದೇ. ತನ್ನ ಬೆರಳುಗಳು ಫೋನಿನ ಅಂಚಿನ ಮೇಲೆ ತಾವಾಗಿಯೇ ಆಡುತ್ತಿರುವುದು ಅವಳಿಗೆ ಗೊತ್ತಾಯಿತು. ಅಷ್ಟರಲ್ಲಿ ಅಂಗಡಿಯಿಂದ ಮಾವನವರ ದನಿ ಬಂತು. ಗಿರಾಕಿಗಳು ಬಂದಿದ್ದಾರೆ, ಚಹಾ ಬೇಕು. ಫೋನನ್ನು ಅತ್ತೆಯ ಕೈಗೆ ಕೊಟ್ಟು ಅವಳು ಒಲೆಯ ಕಡೆ ಹೋದಳು. ಚಹಾ ಸೋಸುವಾಗ ನಡುಮನೆಯಿಂದ ಚನ್ನವ್ವನ ಮಾತು ಕೇಳಿಸಿತು.

"ಏ ತಮ್ಮಾ, ನೀರ ದಾಟಸಿ ಆಕೀನ ಆ ಗುಡ್ಡಕ್ಕ ಕರಕೊಂಡ ಹೋಗಲ್ಲಾ."

"ಅಲ್ಲಿ ಹೋದ್ರ ಸಾಯತಾಳ್ರಿ ಅವ್ವಾರ. ಅದಕ್ಕ ಇನ್ನೂ ಶಕ್ತಿ ಬರಬೇಕು."

"ಶಕ್ತಿ ಬಂದಮ್ಯಾಲ ವಯಸ್ಸ ಇರೂದಿಲ್ಲೋ."

ನಾಗರತ್ನಾ ಒಲೆಯ ಮುಂದೆ ನಿಂತೇ ನಕ್ಕಳು. ನಗುತ್ತಲೇ ಕಣ್ಣು ತುಂಬಿ ಬಂತು. ಚಹಾ ಕೊಟ್ಟು ತಿರುಗಿ ಬರುವಷ್ಟರಲ್ಲಿ ನೆಟ್‌ವರ್ಕ್ ಹೋಗಿತ್ತು.

ಚನ್ನವ್ವ ಗೋಡೆ ಹಿಡಿದು ನಡೆಯುವ ಹೊತ್ತಿಗೆ ಹೊಲಕ್ಕೆ ಬುತ್ತಿ ಒಯ್ದು ಉಣ್ಣುವ ಎಳ್ಳ ಅಮಾವಾಸ್ಯೆ ಬಂದಿತ್ತು. ಅವಳೇ, "ತವರಿಗಿ ಹೋಗಿ ಬಾ, ವಾರ ಇರು" ಎಂದು ಕಳಿಸಿದಳು. ಸುರೇಬಾನದಲ್ಲಿ ಮೊದಲ ದಿನ ಹೊಲದ ಊಟ, ಬಂಧುಬಳಗ. ಮರುದಿನ ಗುರುನಾಥ ಕಂಟ್ರೋಲರನ್ನು ಅವಳ ಕೈಗಿಟ್ಟು, "ಹೊಸದಾಗಿ ಶುರು ಮಾಡಕ್ಕ, ನಂದು ಮುಗದೈತಿ" ಎಂದು ಅಂಗಡಿಗೆ ಹೋದ.

ಕೋಣೆಯಲ್ಲಿ ಅವಳೊಬ್ಬಳೇ. ಬಾಗಿಲು ನೂಕಿ ಹೊರಬಂದಳು. ಬಯಲಿಗಿಳಿದಳು. ದಾರಿ ಬಿಟ್ಟು ಎಡಕ್ಕೆ ತಿರುಗಿ ಹಳ್ಳವೊಂದರ ದಂಡೆ ಹಿಡಿದಳು. ಸ್ವಲ್ಪ ದೂರ ಹೋಗಿ ನಿಂತಳು. ಯಾರೋ ರತ್ನಾ ಅಂದಂತಾಯಿತು. ಎದ್ದು ಹೊರಗೆ ನೋಡಿದರೆ ಅವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು, ಕರೆದಿರಲಿಲ್ಲ. ಮತ್ತೆ ಕುಳಿತಳು. ಅತ್ತೆಗೆ ಮಧ್ಯಾಹ್ನದ ಗುಳಿಗೆ ಕೊಟ್ಟರೋ ಇಲ್ಲವೋ ಎಂದು ಬಸವಲಿಂಗನಿಗೆ ಫೋನ್ ಮಾಡಿದಳು. ಕೊಟ್ಟಿದ್ದ. ಮತ್ತೆ ಕುಳಿತಳು. ಕಾಡಿನಲ್ಲಿ ಅವಳನ್ನು ಕರೆಯುವವರು ಯಾರೂ ಇರಲಿಲ್ಲ. ಅವಳ ಕಿವಿ ಮಾತ್ರ ಹಿಂದಕ್ಕೇ ತಿರುಗಿತ್ತು. ಅತ್ತೆಯ ಮಂಚದ ಪಕ್ಕ ಕುಳಿತು ಇದೇ ಬಯಲಿಗಾಗಿ ಹಂಬಲಿಸಿದ್ದಳು. ಈಗ ಬಯಲಿನಲ್ಲಿದ್ದರೂ ಆ ಚಾಪೆಯಿಂದ ತಾನಿನ್ನೂ ಎದ್ದೇ ಬಂದಿಲ್ಲವೆನಿಸಿತು. ಮೂರನೆಯ ದಿನ, ಯಾರೂ ಬಾ ಎನ್ನದಿದ್ದರೂ, ಚೀಲ ತುಂಬಿದಳು.

"ವಾರ ಇರತೇನಂದಿದ್ದಿ?" ಅಂದ ಗುರುನಾಥ.

"ಸಾಕಾತು ಬಿಡು" ಅಂದಳು. ಅವನಿಗೆ ಕೆಡುಕೆನಿಸಿತು; ಆಟ ಸೇರಲಿಲ್ಲವೇನೋ ಅಂದುಕೊಂಡ.

ಅವಳು ಬೇಗ ಬಂದದ್ದನ್ನು ಕಂಡು ಚನ್ನವ್ವ ಗೋಡೆ ಹಿಡಿದು ಎದ್ದಳು. ಒಂದು ಲೋಟ ನೀರು ಕೊಟ್ಟು, ಬಹಳ ಹೊತ್ತು ಅವಳ ಮುಖ ನೋಡುತ್ತ ಕುಳಿತಳು. ಆ ರಾತ್ರಿ ಗಂಡ ಮಗ ಊಟಕ್ಕೆ ಕೂತಾಗ, "ಈ ಹುಡಿಗೀಗೆ ಒಂದು ಕಂಪ್ಯೂಟರ್ ತಂದಕೊಡ್ರಿ" ಅಂದಳು. ಯಾಕೆಂದು ಹೇಳಲಿಲ್ಲ. ಹೇಳಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ.

ಶಂಕರೆಪ್ಪನವರು ತುಸು ಯೋಚಿಸಿ, "ಖರೆ ಐತಿ, ಬಿ.ಕಾಂ. ಓದ್ಯಾಳ. ಬಿಲ್ ಎಲ್ಲಾ ಈಗ ಕಂಪ್ಯೂಟರ್‌ನ್ಯಾಗ ಆಗಬೇಕು" ಅಂದರು. ಬಸವಲಿಂಗನಿಗೂ ಸಂತೋಷವಾಯಿತು. ಹೆಂಡತಿಗೆ ಏನಾದರೂ ಮಾಡಬೇಕೆಂದು ಅವನಿಗೂ ಇತ್ತು. ಬೆಳಗಾವಿಗೆ ತಾನೇ ಹೋಗಿ ತಂದ. ಗಾದಿಯ ಪಕ್ಕದಲ್ಲಿ ಮೇಜು ಹಾಕಿ ಜೋಡಿಸಿದರು. ನಾಗರತ್ನಾ ಗುರುನಾಥನಿಗೆ ಅದರ ಫೋಟೋ ಕಳಿಸಿದಳು. ಅವನು, "ಬಿಲ್ ಮಾಡಾಕ ಚಲೋ ಐತಿ ಅಕ್ಕಾ. ಆ ಆಟಾ ಇದರಾಗ ನಡಿಯೂದಿಲ್ಲ, ಅದಕ್ಕ ದೊಡ್ಡ ಮಷೀನ್ ಬೇಕು" ಅಂದ.

ಬೆಳಗಿನ ಅಡುಗೆ ಮುಗಿಸಿ ಅವಳೀಗ ಆ ಮೇಜಿನ ಹಿಂದೆ ಕೂರುತ್ತಾಳೆ. ಸಂಪಗಾಂವದ ಗಿರಾಕಿಯೊಬ್ಬ, "ಲೆಕ್ಕಾ ಸೊಸಿ ಕೈಯಾಗ ಕೊಟ್ರಿ, ಚಲೋ ಆತು ನೋಡ್ರಿ" ಎಂದರೆ ಶಂಕರೆಪ್ಪನವರು ಹೆಮ್ಮೆಯಿಂದ ತಲೆಯಾಡಿಸುತ್ತಾರೆ. ಮೊನ್ನೆ ಗುರುನಾಥ ಫೋನ್ ಮಾಡಿದ್ದ. ಆ ಆಟದ ಎರಡನೆಯ ಭಾಗ ಬರುತ್ತದಂತೆ. ಈ ಸಲ ಸಮುದ್ರವೂ ಇದೆಯಂತೆ.

"ಯಾವಾಗಂತ?" ಕೇಳಿದಳು ನಾಗರತ್ನಾ, ದನಿ ತಗ್ಗಿಸಿ.

"ತಾರೀಖು ಹೇಳಿಲ್ಲ."

"ಹೇಳಿದ ಕೂಡ್ಲೆ ನಂಗ ಹೇಳು" ಅಂದು ಫೋನಿಟ್ಟಳು. ಎದುರಿಗೆ ನಿಂತವನು ಮುಕ್ಕಾಲು ಇಂಚಿನ ಪೈಪು ಎಷ್ಟು ಉದ್ದದ್ದಿದೆ ಎಂದು ಎರಡನೆಯ ಸಲ ಕೇಳುತ್ತಿದ್ದ.