ಊಟದ ಬಿಡುವಿನ ಹೆಣಿಗೆ ಕಡ್ಡಿ

ಗೆಳೆಯರೇ, ದುಡಿಯುವವರ ಬಿಡುವಿನ ಹಕ್ಕಿಗಾಗಿ ಇಂದು ಪುಲಿಕೇಶಿನಗರದ ನಮ್ಮ ಬೇಕರಿಯಲ್ಲಿ ಹೋರಾಡಿ ಗೆದ್ದೆ. ಗೆಲುವು ಎನ್ನಬಹುದೋ ಇಲ್ಲವೋ, ನೀವೇ ಹೇಳಿ.

ನಾಳೆ ಅಕ್ಕನ ಮಗುವಿನ ನಾಮಕರಣ. ನಸುಕಿಗೇ ಕೆಲಸಕ್ಕೆ ಬರುವ ನನಗೆ ಕುಲಾವಿ ಹೆಣೆಯಲು ಊಟದ ಬಿಡುವೊಂದೇ ಗತಿ. ಮೂಲೆಯಲ್ಲಿ ಕುಳಿತು ಹೆಣೆಯುತ್ತಿದ್ದಾಗ ಮಾಲೀಕರು ಬಂದರು.

“ಏನಮ್ಮಾ, ಗಿರಾಕಿಗಳು ನೋಡಿದ್ರೆ ಇಲ್ಲಿ ಸ್ವೆಟರ್ ಮಾರ್ತಾರೆ ಅಂದ್ಕೊಳ್ತಾರೆ. ಎತ್ತಿಡು.”

ಹೆಣಿಗೆಯನ್ನು ಮೇಜಿನ ಮೇಲಿಟ್ಟು ಎದ್ದು ನಿಂತೆ. ಬಿಡುವಿನ ಹೊತ್ತು ದುಡಿಯುವವರ ಸ್ವಂತ ಆಸ್ತಿ, ಅದರ ಮೇಲೆ ಯಾವ ಮಾಲೀಕನಿಗೂ ಅಧಿಕಾರವಿಲ್ಲ ಎಂದು ಕರಪತ್ರಗಳಲ್ಲಿ ಓದಿದ್ದನ್ನೆಲ್ಲ ಹೇಳಿದೆ.

ಮಾತು ಮುಗಿಸಿ ತಿರುಗಿದರೆ ಹೆಣಿಗೆಯಲ್ಲಿ ಕಡ್ಡಿಯೇ ಇಲ್ಲ. ಕುಲಾವಿ ಅರ್ಧಕ್ಕರ್ಧ ಬಿಚ್ಚಿಕೊಂಡಿತ್ತು. ಓವನ್ ಮುಂದೆ ನಮ್ಮ ಮಾಸ್ಟರ್ ಬಾಬು ಭಾಯ್ ಅದೇ ಕಡ್ಡಿಯನ್ನು ಪ್ಲಮ್ ಕೇಕಿಗೆ ಚುಚ್ಚಿ, ಬೆಂದಿದೆಯೇ ಎಂದು ನೋಡುತ್ತಿದ್ದರು.

“ಭಾಯ್, ಅದು ನನ್ನ ಕಡ್ಡಿ.”

“ನಮ್ದು ಮುರಿದೋಯ್ತು ಬೇಟಿ, ಕೇಕ್ ಸೀದೋಗ್ತಿತ್ತು. ತೊಳ್ಕೊಂಡೇ ಚುಚ್ಚಿದೀನಿ.”

ಮಾಲೀಕರು ಭಾಯ್ ಕೈಯಿಂದ ಕಡ್ಡಿಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. “ಕೇಕಿನ ತಳದವರೆಗೂ ಹೋಗುತ್ತಲ್ಲ ಇದು. ಸರಿ ಕಣಮ್ಮಾ, ದಿನಾ ತಗೊಂಬಾ, ಬಿಡುವಲ್ಲಿ ಹೆಣ್ಕೋ. ಕೇಕ್ ಇಳಿಸೋ ಹೊತ್ತಿಗೆ ಮಾತ್ರ ಕೊಟ್ಬಿಡ್ಬೇಕು.”

ಹಕ್ಕು ಸಿಕ್ಕಿತೆಂದು ಬಾಬು ಭಾಯ್ ನನ್ನ ಕೈ ಕುಲುಕಿದರು. ನಮ್ಮಲ್ಲಿ ಕೇಕು ಇಳಿಯುವುದು ದಿನವೂ ಊಟದ ಬಿಡುವಿನಲ್ಲೇ. ನಾಳೆ ಮಗುವಿನ ತಲೆಗೆ ಕುಲಾವಿ ಇಲ್ಲ. ನಾನು ಕೇಕು ತೆಗೆದುಕೊಂಡು ಹೋಗುತ್ತಿದ್ದೇನೆ. ತಳದವರೆಗೂ ಹದವಾಗಿ ಬೆಂದಿದೆ.